ಪೈಲ್ವಾನನ ಹಿತ್ತಲಿನಲ್ಲಿ ಒಂದು ಬಾಣಂತನ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನನಗೆ ತವರು ಅಂತ ಆಗ ಉಳಿದಿದ್ದದ್ದು ಒಬ್ಬನೇ ಮನುಷ್ಯ, ನನ್ನ ಅಣ್ಣ. ಅಪ್ಪ ನಾನು ಚಿಕ್ಕವಳಿದ್ದಾಗಲೇ ಹೋಗಿದ್ದ. ಅವ್ವ ನನ್ನನ್ನು ಯಲಬುರ್ಗಾಕ್ಕೆ ಮದುವೆ ಮಾಡಿ ಕೊಟ್ಟು, ಮರುವರ್ಷದ ಪ್ಲೇಗಿನಲ್ಲಿ ತೀರಿಕೊಂಡಿದ್ದಳು. ಕೊಪ್ಪಳದ ಕೋಟೆ ಗುಡ್ಡದ ಬುಡದಲ್ಲಿದ್ದ ನಮ್ಮ ಮಣ್ಣಿನ ಮಾಳಿಗೆ ಮನೆಯಲ್ಲಿ ಅಣ್ಣನೊಬ್ಬನೇ ಇದ್ದ. ಇದ್ದ ಅನ್ನುವುದಕ್ಕಿಂತ ಅಲ್ಲಿಗೆ ಮಲಗಲು ಬರುತ್ತಿದ್ದ ಅನ್ನಬೇಕು. ಹಗಲು ಗುಡ್ಡದಲ್ಲಿ ಬಂಡೆ ಒಡೆಯುವ ಕೆಲಸ. ನಸುಕಿಗೂ ಸಂಜೆಗೂ ಗರಡಿ ಮನೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಎಲ್ಲ ಕಡೆ ಕುಸ್ತಿ ನೋಡುವ ಜನಕ್ಕೆ ಅವನ ಗುರುತಿತ್ತು. ಬಾಗಿಲಲ್ಲಿ ನಿಂತರೆ ಒಳಗೆ ಕತ್ತಲಾಗುವಂಥ ಆಳು.

ಆಗಿನ್ನೂ ನಿಜಾಮರ ಆಳ್ವಿಕೆ. ದೊಡ್ಡ ಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ನನಗೆ ಏಳು ತಿಂಗಳು ತುಂಬಿ, ಕುಬುಸದ ಶಾಸ್ತ್ರ ಮುಗಿದ ಮೇಲೆ, ನನ್ನನ್ನು ತವರಿಗೆ ಯಾರು ಕರೆದೊಯ್ಯುತ್ತಾರೆ ಅನ್ನುವ ಮಾತು ಅತ್ತೆಯ ಮನೆಯಲ್ಲಿ ಬಂತು. ದೂರದ ಸೋದರತ್ತೆಯೊಬ್ಬಳನ್ನು ಕೇಳಿ ನೋಡೋಣ ಅನ್ನುತ್ತಿರುವಾಗಲೇ ಅಣ್ಣ ಬಾಡಿಗೆ ಗಾಡಿ ಹೊಡೆದುಕೊಂಡು ಬಂದ. ಗಾಡಿಯಲ್ಲಿ ಮೊಣಕಾಲುದ್ದ ಹುಲ್ಲು, ಹುಲ್ಲಿನ ಮೇಲೆ ಎರಡು ಕೌದಿ.

ಅತ್ತೆ ಕೆಟ್ಟವಳಲ್ಲ. ಆದರೆ ಅವಳಿಗೆ ನಗು ತಡೆಯಲಾಗಲಿಲ್ಲ.

"ಅಲ್ಲೋ ಪೈಲ್ವಾನ, ನಿಮ್ಮ ಮನ್ಯಾಗ ಹೆಣ್ಮಕ್ಕಳು ಯಾರದಾರ? ಬಾಣಂತನ ಮಾಡೋರು ಯಾರು?"

"ನಾ ಅದೀನಲ್ರಿ ಅತ್ತಿ" ಅಂದ ಅಣ್ಣ.

"ನೀ ಏನು ಮಾಡ್ತಿ? ಕೂಸಿಗೆ ಸಾಮು ಕಲಿಸ್ತೀಯೇನು?"

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನನ್ನ ಗಂಡನೂ ನಕ್ಕ. ಅಣ್ಣ ತಲೆ ತಗ್ಗಿಸಿ ತಾನೂ ನಕ್ಕ, ಆದರೆ ಜಗ್ಗಲಿಲ್ಲ. "ನಮ್ಮವ್ವ ಇದ್ದಿದ್ರ ಕರಕೊಂಡು ಹೊಕ್ಕಿದ್ಲಲ್ರಿ. ಅಕಿ ಇಲ್ಲ ಅಂತ ತಂಗೀಗೆ ತವರು ಇಲ್ಲದಂಗ ಆಗಬಾರದು. ಏನೇನು ಮಾಡಬೇಕು ಅಂತ ಕೇಳಿ ತಿಳಕೊಂಡೀನ್ರಿ. ಸಾಕಷ್ಟು ಮಾಡಿಟ್ಟೂ ಬಂದೀನಿ." ಇಷ್ಟು ಉದ್ದದ ಮಾತನ್ನು ಅವನು ಒಂದೇ ಉಸಿರಿಗೆ ಆಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಸಂಜೆ ಅತ್ತೆಯೇ ಬುತ್ತಿ ಕಟ್ಟಿಕೊಟ್ಟಳು.

ಏನು ಮಾಡಿಟ್ಟು ಬಂದಿದ್ದಾನೆ ಅನ್ನುವುದು ಕೊಪ್ಪಳದ ಮನೆಯ ಹಿಂಬಾಗಿಲು ತೆಗೆದಾಗ ಗೊತ್ತಾಯಿತು. ಅವ್ವ ಸತ್ತ ಮೇಲೆ ಆ ಹಿತ್ತಲನ್ನು ನಾನು ನೋಡಿದ್ದು ಒಂದೇ ಸಲ. ಆಗ ಅಲ್ಲಿ ಜಾಲಿ ಗಿಡ, ಕಳ್ಳಿ, ಒಡೆದ ಗಡಿಗೆಯ ಚೂರು, ಅಷ್ಟೇ. ಈಗ ಬಾವಿಯಿಂದ ಹಿಡಿದು ಹಿಂದಿನ ಗೋಡೆಯ ತನಕ ಮಡಿ ಬಿದ್ದಿದ್ದವು. ಕಲ್ಲು ಒಡೆದು ಒಡೆದು ಕೈ ಪಳಗಿದ್ದವನು, ಹಿತ್ತಲ ಕಲ್ಲನ್ನೆಲ್ಲ ಆರಿಸಿ ಮಡಿಗಳ ಸುತ್ತ ಅಂಚು ಕಟ್ಟಿದ್ದ. ಮಣ್ಣನ್ನು ಮುಟ್ಟಿ ನೋಡಿದೆ. ಹಿಟ್ಟಿನ ಹಾಗೆ ಮೆತ್ತಗಿತ್ತು. ಅವನಿಗೆ ತೋಟದ ಕೆಲಸ ಬರುತ್ತಿರಲಿಲ್ಲ. ಬರುತ್ತಿದ್ದದ್ದು ಗರಡಿಯ ಅಖಾಡ ಹದ ಮಾಡುವ ಕೆಲಸ. ಅಲ್ಲಿ ಪೈಲ್ವಾನರು ಬಿದ್ದರೆ ಮೈ ತರಚಬಾರದು ಅಂತ ಮಣ್ಣನ್ನು ಅಗೆದು, ಜರಡಿ ಹಿಡಿದು, ಮಜ್ಜಿಗೆ ಎಣ್ಣೆ ಹಾಕಿ ಕಾಲಿನಿಂದ ಮಗುಚುತ್ತಾರೆ. ಎಣ್ಣೆಯ ಬದಲು ಹಟ್ಟಿ ಗೊಬ್ಬರ ಹಾಕಿ, ಇವನು ಅದೇ ರೀತಿ ಹಿತ್ತಲನ್ನು ಮಗುಚಿದ್ದ.

ದೀಪಾವಳಿ ಆಗಷ್ಟೇ ಕಳೆದಿತ್ತು. ಸಬ್ಬಸಗಿಯ ಎಳೆ ಎಲೆ ನೆಲ ಬಿಟ್ಟು ಬೆರಳುದ್ದ ಎದ್ದಿದ್ದವು. ಮೆಂತ್ಯೆ, ರಾಜಗಿರಿ, ಮೂಲಂಗಿ, ಬೆಳ್ಳುಳ್ಳಿ, ಗೋಡೆಗೆ ಹಬ್ಬಿಸಿದ ಅವರೆ ಬಳ್ಳಿ. ಬಾಣಂತಿ ಏನೇನು ತಿನ್ನುತ್ತಾಳೆ ಅಂತ ತನ್ನ ಗರಡಿಯ ಗುರು ಉಸ್ತಾದರ ಹೆಂಡತಿಯನ್ನು ಕೇಳಿ, ಅವಳು ಹೇಳಿದ್ದನ್ನೆಲ್ಲ ಬಿತ್ತಿದ್ದ. ಹೆರಿಗೆ ಹಿಂದೆ ಮುಂದೆ ಆದರೆ ಅಂತ ಸಬ್ಬಸಗಿಯನ್ನು ಒಂದೇ ಸಲಕ್ಕೆ ಬಿತ್ತದೆ, ಒಂದು ಮಡಿ ಮೇಲೆ ಬರುವಾಗ ಇನ್ನೊಂದಕ್ಕೆ ಬೀಜ ಹಾಕಿದ್ದ. ಚಳಿಗಾಲ ಮುಗಿಯುವ ತನಕ ಎಳೆ ಸೊಪ್ಪು ತಪ್ಪಬಾರದು ಅನ್ನುವುದು ಅವನ ಲೆಕ್ಕ.

ಜೊತೆಗೆ ಕೋಳಿಗಳು. ಒಂದು ಕೆಂಪು ಹುಂಜ, ಐದಾರು ಹೇಂಟೆ. "ತತ್ತಿ ಬೇಕಲ್ಲ, ಅದಕ್ಕ" ಅಂದ.

ಸೊಪ್ಪಿನ ಮಡಿಯನ್ನೂ ಕೋಳಿಯನ್ನೂ ಒಂದೇ ಹಿತ್ತಲಲ್ಲಿ ಸಾಕಬೇಕು ಅಂದರೆ ಏನು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಕೋಳಿಗೆ ಹದವಾದ ಮಣ್ಣು ಕಂಡರೆ ಕೆದರದೆ ಇರಲು ಆಗುವುದಿಲ್ಲ. ನಾನು ಬಂದ ಮರುದಿನವೇ ಒಂದು ಮೆಂತ್ಯೆ ಮಡಿ ಇಡೀ ತಲೆಕೆಳಗಾಗಿತ್ತು. ಅಣ್ಣ ಜೋಳದ ದಂಟಿನ ಬೇಲಿ ಕಟ್ಟಿದ. ಹುಂಜ ಹಾರಿ ಒಳಗೆ ಹೋಯಿತು. ಬೇಲಿ ಎತ್ತರಿಸಿದ, ಹೇಂಟೆಗಳು ಕೆಳಗೆ ತೂರಿದವು. ಕೆಳಗೆ ಜಾಲಿ ಮುಳ್ಳು ತುರುಕಿದ. ಅವುಗಳಲ್ಲಿ ಒಂದು ಬೂದು ಬಣ್ಣದ ಹೇಂಟೆ ಬಾವಿಕಟ್ಟೆ ಹತ್ತಿ, ಅಲ್ಲಿಂದ ಅವರೆ ಚಪ್ಪರಕ್ಕೆ ಜಿಗಿದು, ಚಪ್ಪರದಿಂದ ನೇರ ಮೂಲಂಗಿ ಮಡಿಗೆ ಇಳಿಯಿತು. ಅಣ್ಣ ಸೊಂಟದ ಮೇಲೆ ಕೈ ಇಟ್ಟು ನಿಂತುಬಿಟ್ಟ.

"ಎದುರಿನ ಪೈಲ್ವಾನ ಎಲ್ಲಿ ಕೈ ಹಾಕ್ತಾನ ಅಂತ ಅವನ ಕಣ್ಣು ನೋಡಿ ಹೇಳ್ತೀನಿ ತಂಗೆವ್ವ. ಈ ಹ್ಯಾಟಿ ಮನಸ್ಸಿನಾಗ ಏನೈತಿ ಅಂತ ತಿಳಿಯವಲ್ದು."

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಕೊನೆಗೆ ಅವನು ಬೇಲಿಯ ಹಟ ಬಿಟ್ಟ. ಹಿತ್ತಲ ಮೂಲೆಯಲ್ಲಿ ಒಂದು ಹೊಂಡ ತೋಡಿ, ಗರಡಿಯ ಹಳೆಯ ಮಣ್ಣನ್ನು ಎರಡು ಬುಟ್ಟಿ ತಂದು ಸುರಿದು, ಬೂದಿ ಬೆರೆಸಿ ಕೋಳಿಗಳಿಗೇ ಒಂದು ಅಖಾಡ ಮಾಡಿಕೊಟ್ಟ. ಅದರ ಸುತ್ತ ತೌಡು, ನುಚ್ಚು, ಎಲೆಯ ಕಸ ಚೆಲ್ಲಿದ. ಕೋಳಿಗಳು ಅಲ್ಲೇ ಹೊರಳಾಡಿ ಧೂಳು ಮಿಂದು, ಅಲ್ಲೇ ಕೆದರಿ, ಹೆಚ್ಚಿನ ಹೊತ್ತು ಅಲ್ಲೇ ಇರತೊಡಗಿದವು. ಬೂದು ಹೇಂಟೆ ಮಾತ್ರ ಆಗಾಗ ತನ್ನ ದಾರಿ ಹಿಡಿಯುತ್ತಿತ್ತು. ಅದಕ್ಕೆ ಅವನು ಏನೂ ಮಾಡಲಿಲ್ಲ. "ಇರಲಿ ಬಿಡು, ಅದರ ಕಸುವು ದೊಡ್ಡದು" ಅನ್ನುತ್ತಿದ್ದ.

ಉಸ್ತಾದರ ಹೆಂಡತಿಯ ವಿಷಯ ಹೇಳಬೇಕು. ಗರಡಿಯ ಉಸ್ತಾದರು ವಯಸ್ಸಾದ ಮುಸಲ್ಮಾನರು. ತಾವು ಒಂದು ಕಾಲದಲ್ಲಿ ದೊಡ್ಡ ಕುಸ್ತಿಗಳನ್ನು ಆಡಿದವರು. ಅವರ ಹೆಂಡತಿಯನ್ನು ಪೈಲ್ವಾನರೆಲ್ಲ ಖಾಲಾ ಅನ್ನುತ್ತಿದ್ದರು, ಚಿಕ್ಕಮ್ಮ ಅನ್ನುವ ಹಾಗೆ. ನಾನೂ ಹಾಗೇ ಕರೆದೆ. ಸಣ್ಣ ಆಳು, ದೊಡ್ಡ ದನಿ. ನಮ್ಮ ಓಣಿಯ ಕೊನೆಯ ಮನೆ ಅವರದು. ಎಳ್ಳಮಾವಾಸ್ಯೆಯ ಹಿಂದಿನ ದಿನ ನನಗೆ ನೋವು ಬಂದಾಗ ಸೂಲಗಿತ್ತಿಯನ್ನು ಕರೆಸಿದವಳು, ನೀರು ಕಾಸಿದವಳು, ನನ್ನ ಬೆನ್ನು ತನ್ನ ಎದೆಗೆ ಒರಗಿಸಿಕೊಂಡು ಕೂತವಳು ಅವಳೇ. ಅಣ್ಣ ಹಿತ್ತಲಲ್ಲಿ ಬಾವಿಯಿಂದ ನೀರು ಸೇದುತ್ತಲೇ ಇದ್ದನಂತೆ. ತುಂಬಲು ಪಾತ್ರೆ ಉಳಿಯದೆ ಹೋದಾಗ ಮಡಿಗಳಿಗೆ ಹಾಯಿಸಿದ. ಆ ದಿನ ಬೆಳ್ಳುಳ್ಳಿ ಮಡಿ ಕೆರೆಯಾಗಿತ್ತು ಅಂತ ಖಾಲಾ ಮುಂದೆ ಹೇಳಿ ಹೇಳಿ ನಗುತ್ತಿದ್ದಳು.

ಗಂಡು ಕೂಸು. ಕೂಸು ಗಟ್ಟಿಯಾಗಿತ್ತು. ನಾನು ಮಾತ್ರ ಗಟ್ಟಿ ಇರಲಿಲ್ಲ. ರಕ್ತ ಬಹಳ ಹೋಗಿತ್ತು. ದಿನ ಕಳೆದರೂ ಏಳಲಾಗಲಿಲ್ಲ. ಎದ್ದು ಕೂತರೆ ಕಣ್ಣು ಕತ್ತಲು, ಕಾಲಿಗೆ ಬಾವು, ನಾಲಿಗೆ ಸುಣ್ಣದ ಹಾಗೆ ಬೆಳ್ಳಗೆ. ಅಣ್ಣ ದವಾಖಾನೆಯಿಂದ ಡಾಕ್ಟರರನ್ನು ಮನೆಗೇ ಕರೆತಂದ. ಅವರು ನನ್ನ ಕಣ್ಣ ರೆಪ್ಪೆ ಎಳೆದು ನೋಡಿ, ಔಷಧ ಕೊಟ್ಟು, "ಔಷಧಕ್ಕಿಂತ ಊಟ ಮುಖ್ಯ. ಸೊಪ್ಪು, ತತ್ತಿ, ಹಾಲು, ಸಾಧ್ಯವಾದರೆ ಕುರಿಯ ಕಾಳಿಜ. ಈ ಕತ್ತಲು ಕೋಣೆಯಲ್ಲಿ ಹೊಗೆ ಕುಡಿಸಬೇಡಿ, ಬೆಳಗಿನ ಬಿಸಿಲಿಗೆ ಹಾಕಿ" ಅಂದರು. ಖಾಲಾಗೆ ಆ ಕೊನೆಯ ಮಾತು ಹಿಡಿಸಲಿಲ್ಲ. ಬಾಣಂತಿಯನ್ನು ಗಾಳಿಗೆ ಒಡ್ಡುವುದು ಉಂಟೇ? ಅಣ್ಣ ಅವಳಿಗೆ ಎದುರಾಡಲಿಲ್ಲ. ಹಿತ್ತಲಿನ ಬಾಗಿಲ ಪಕ್ಕ, ಗಾಳಿ ಬರುವ ಕಡೆಗೆ ದಂಟಿನ ತಟ್ಟಿ ಕಟ್ಟಿ, ಮೇಲೆ ಕೌದಿ ಹೊದಿಸಿ, "ಈಗ ನೋಡು ಖಾಲಾ, ಗಾಳಿ ಎಲ್ಲೈತಿ?" ಅಂದ. ಅವಳು ಕೈಯೊಡ್ಡಿ ನೋಡಿ, ಗೊಣಗುತ್ತ ಒಪ್ಪಿದಳು.

ನಾನು ನಡೆಯಲಾರೆ. ಮರುದಿನ ಬೆಳಿಗ್ಗೆ ಅಣ್ಣ ಬಂದು, ನಾನು ಮಲಗಿದ್ದ ಹೊರಸಿನ ಎರಡೂ ಪಟ್ಟಿ ಹಿಡಿದು, ನಾನು, ಕೂಸು, ಕೌದಿ ಸಮೇತ ಎತ್ತಿದ. ಬಾಗಿಲಲ್ಲಿ ಹೊರಸನ್ನು ಓರೆ ಮಾಡಬೇಕಾಗಿ ಬಂದಾಗ ನಾನು ಬೀಳುತ್ತೇನೆ ಅಂತ ಕೂಗಿದೆ. "ಸುಮ್ನ ಮಲಕ್ಕೊ" ಅಂದ. ಕೂಸಿಗೆ ಎಚ್ಚರವೇ ಆಗಲಿಲ್ಲ. ಹಾಗೆ ತಂದು ಬಿಸಿಲಿನಲ್ಲಿ ಇಳಿಸಿದ. ಬಿಸಿಲು ಏರಿದ ಮೇಲೆ ಮತ್ತೆ ಹಾಗೆಯೇ ಒಳಗೆ. ಆ ಚಳಿಗಾಲವೆಲ್ಲ ಇದು ತಪ್ಪಲಿಲ್ಲ.

ಆ ಬೆಳಗುಗಳು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿವೆ. ಕೋಟೆ ಗುಡ್ಡದ ಬಂಡೆ ರಾತ್ರಿಯ ತಂಪನ್ನು ಹಿಡಿದಿಟ್ಟುಕೊಂಡು ಬೆಳಿಗ್ಗೆ ಓಣಿಗೆ ಬಿಡುತ್ತಿತ್ತು. ಹಲ್ಲು ಕಟಕಟ ಅನ್ನುವಷ್ಟು ಚಳಿ. ಬಿಸಿಲು ಗೋಡೆ ಇಳಿದು ಮೊದಲು ಅವರೆ ಹೂವಿಗೆ, ಆಮೇಲೆ ಸಬ್ಬಸಗಿಗೆ, ಆಮೇಲೆ ನನ್ನ ಕಾಲಿಗೆ ಬರುತ್ತಿತ್ತು. ಸಬ್ಬಸಗಿಯ ದಾರದಂಥ ಎಲೆಯ ತುದಿತುದಿಗೂ ಇಬ್ಬನಿ. ರಾತ್ರಿ ಕೋಳಿಗಳ ಮೇಲೆ ಕವುಚಿದ್ದ ಬುಟ್ಟಿಯನ್ನು ಅಣ್ಣ ಎತ್ತಿದ ಕೂಡಲೇ ಅವು ರೆಕ್ಕೆ ಬಡಿದು ಹೊರಗೆ ಬಂದು, ಚಳಿಗೆ ಮೈ ಉಬ್ಬಿಸಿಕೊಂಡು ಬಿಸಿಲು ಬಿದ್ದ ಕಡೆಗೆ ಸಾಲಾಗಿ ನಿಲ್ಲುತ್ತಿದ್ದವು. ಅವನು ಬರೀ ಮೈಯಲ್ಲಿ, ತಲೆಗೊಂದು ವಸ್ತ್ರ ಸುತ್ತಿ, ಮಡಿಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಸೊಪ್ಪು ಚಿವುಟುತ್ತಿದ್ದ. ಬಂಡೆ ಸೀಳುವ ಆ ಬೆರಳುಗಳು ಸೊಪ್ಪಿನ ಸುಳಿ ಮುರಿಯದ ಹಾಗೆ, ಪಕ್ಕದ ಎಲೆಯನ್ನಷ್ಟೇ ಕೀಳುವುದನ್ನು ನಾನು ಮಲಗಿದಲ್ಲಿಂದ ನೋಡುತ್ತಿದ್ದೆ. ನೋಡುತ್ತ ನೋಡುತ್ತ ನಿದ್ದೆ ಬರುತ್ತಿತ್ತು. ಎದ್ದಾಗ ಅವನೇ ಒಲೆಯ ಮುಂದೆ ಕೂತು ಬಡಿದ ಜೋಳದ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆಯ ಸಬ್ಬಸಗಿ ಪಲ್ಯೆ, ಬೇಯಿಸಿದ ತತ್ತಿ ತಯಾರಿರುತ್ತಿತ್ತು. ರೊಟ್ಟಿ ಮೊದಮೊದಲು ಗಾಡಿಯ ಗಾಲಿಯಷ್ಟು ದಪ್ಪ. ಖಾಲಾ ಬೈದು ಬೈದು ತೆಳ್ಳಗಾಯಿತು.

ಓಣಿಯಲ್ಲಿ ಅವನಿಗೆ ಹೆಸರಿಟ್ಟರು, ಬಾಣಂತಿ ಪೈಲ್ವಾನ ಅಂತ. ಗೋಡೆಯಾಚೆ ಹೋಗುವ ಹುಡುಗರು ಕೂಗಿ ಓಡುತ್ತಿದ್ದರು. ಅವನು ಬೇಕಂತಲೇ ಎದ್ದು ನಿಂತು ತೊಡೆ ತಟ್ಟಿದರೆ ಸಾಕು, ಧೂಳೆದ್ದ ಹಾಗೆ ಓಡಿಹೋಗುತ್ತಿದ್ದರು. ಅವನಿಗೆ ಅದರಿಂದ ಬೇಸರವಾದದ್ದನ್ನು ನಾನು ಕಾಣಲಿಲ್ಲ.

ಆದರೆ ಒಂದು ವಿಷಯ ನಾನು ಗಮನಿಸಿರಲಿಲ್ಲ. ಅದನ್ನು ಗಮನಿಸಿದವರು ಉಸ್ತಾದರು. ಒಂದು ಬೆಳಿಗ್ಗೆ ಅವರು ಬಂದು ಬಾವಿಕಟ್ಟೆಯ ಮೇಲೆ ಕೂತರು. ಬಾಣಂತಿಯ ಕಡೆ ನೋಡಬಾರದು ಅಂತ ಮುಖ ಗೋಡೆಯ ಕಡೆಗೆ. ನಾನು ತಟ್ಟಿಯ ಈಚೆಗೆ ಕಣ್ಣು ಮುಚ್ಚಿ ಮಲಗಿದ್ದೆ.

"ನಿನ್ನ ರಟ್ಟಿ ನೋಡ್ಕೋ. ನಿನ್ನ ಹುಂಜದ ಕಾಲಿನಂಗ ಆಗ್ಯಾವು. ಗಂಗಾವತಿ ಕುಸ್ತಿ ಮರ್ತೀಯೇನು?"

"ಮರ್ತಿಲ್ರಿ ಉಸ್ತಾದ್."

"ತತ್ತಿ ತಿಂತೀಯೇನು?"

ಅಣ್ಣ ಕೊಡವನ್ನು ಬಾವಿಗೆ ಇಳಿಬಿಟ್ಟ ಸದ್ದು ಕೇಳಿತು.

"ಹಾಲು? ಬಾದಾಮಿ?"

"ಅದು ತಂಗೀಗೆ ಬೇಕ್ರಿ. ಅಕಿ ಮೈಯಾಗ ರಕ್ತ ಇಲ್ಲ ಅಂತ ಡಾಕ್ಟರ್ ಹೇಳ್ಯಾರ."

ಆಗ ನನಗೆ ತಿಳಿಯಿತು. ಪೈಲ್ವಾನನಿಗೆ ಮೈ ಅಂದರೆ ಊಟ. ಅವನು ತನ್ನ ಊಟವನ್ನೆಲ್ಲ ನನ್ನ ತಟ್ಟೆಗೆ ಹಾಕುತ್ತಿದ್ದ. ತಾನು ರೊಟ್ಟಿ, ಉಳ್ಳಾಗಡ್ಡಿ, ಬಲಿತ ಸೊಪ್ಪಿನ ದಂಟು ತಿಂದು ಬಂಡೆ ಒಡೆಯಲು ಹೋಗುತ್ತಿದ್ದ.

ಉಸ್ತಾದರ ದನಿ ಏರಿತು. "ಕೊಲ್ಹಾಪುರದ ಕಡಿಯಿಂದ ಪೈಲ್ವಾನ ಬರ್ತಾನ. ನಿನ್ನ ಮೇಲೆ ಮಾತು ಕೊಟ್ಟೀನಿ. ಮೂರು ವರ್ಷ ತಾಲೀಮು ಮಾಡ್ಸೀನಿ ಇದಕ್ಕ. ನೀ ಇಲ್ಲಿ ಕೋಳಿ ಕಾಯ್ಕೊಂತ ಕುಂತೀ!"

"ಕುಸ್ತಿ ಮುಂದಿನ ವರ್ಷಾನೂ ಬರತೈತ್ರಿ ಉಸ್ತಾದ್. ತಂಗಿ ಹೋದ್ರ ಬರಂಗಿಲ್ಲ."

ಉಸ್ತಾದರು ಎದ್ದರು. ಖಾಲಾ ತಂದಿಟ್ಟ ಚಹಾ ಮುಟ್ಟದೆ ಹೊರಟುಹೋದರು. ನಾನು ಎದ್ದು ಕೂತು ಅಣ್ಣನ ಜೊತೆ ಜಗಳಾಡಿದೆ. ನಾಳೆಯಿಂದ ತತ್ತಿ ತಿನ್ನುವುದಿಲ್ಲ ಅಂದೆ. ಅವನು ಕೇಳಿಸಿಕೊಂಡ. ಮರುದಿನ ತಟ್ಟೆಯಲ್ಲಿ ತತ್ತಿ ಇತ್ತು. ನಾನು ತಿನ್ನದೆ ಕೂತೆ. ಅವನೂ ಎದುರಿಗೆ ಕೂತ. ಅವನ ಹಾಗೆ ಕೂರುವವರು ಯಾರೂ ಇಲ್ಲ. ಬೆಟ್ಟ ಕೂತ ಹಾಗೆ. ಸಾಕಾಗಿ ತಿಂದೆ.

ಉಸ್ತಾದರು ಸಿಟ್ಟು ಮಾಡಿಕೊಂಡು ಹೋದ ಮೇಲೆ ಕೋಳಿಗಳಿಗೆ ಬೇನೆ ಬಂತು. ಓಣಿಯಲ್ಲೆಲ್ಲ ಬಂದಿತ್ತು. ನಿನ್ನೆ ಕೆದರುತ್ತಿದ್ದ ಕೋಳಿ ಇವತ್ತು ರೆಕ್ಕೆ ಜೋತುಬಿಟ್ಟು ಮೂಲೆಯಲ್ಲಿ ತೂಕಡಿಸುವುದು, ಕುತ್ತಿಗೆ ತಿರುಚುವುದು, ಬೆಳಗಾಗುವುದರೊಳಗೆ ಸಾಯುವುದು. ಮೊದಲು ಹುಂಜ ಹೋಯಿತು. ಆಮೇಲೆ ಒಂದರ ಹಿಂದೆ ಒಂದು ಹೇಂಟೆ. ಖಾಲಾ ಬೆಳ್ಳುಳ್ಳಿ ಅರೆದು ಕುಡಿಸಿದಳು, ಅಣ್ಣ ಯಾರು ಏನು ಹೇಳಿದರೂ ಮಾಡಿದ. ಯಾವುದೂ ನಡೆಯಲಿಲ್ಲ. ಸತ್ತವನ್ನು ಗುಡ್ಡದ ಆಚೆ ಆಳವಾಗಿ ಹೂತು ಬಂದು, ಕೈ ತೊಳೆದು, ಕೋಳಿಗಳ ಅಖಾಡದ ಮುಂದೆ ನಿಂತಿದ್ದ. ನಾನು ಕರೆದರೂ ತಿರುಗಲಿಲ್ಲ. ಅವ್ವ ಹೋದಾಗಲೂ ಅಣ್ಣ ನನ್ನೆದುರು ಅತ್ತಿರಲಿಲ್ಲ. ಅವತ್ತು ಅವನ ಬೆನ್ನು ಅಲುಗುವುದನ್ನು ನೋಡಿದೆ.

ಉಳಿದದ್ದು ಬೂದು ಹೇಂಟೆ ಒಂದೇ. ಅದು ಬೇನೆ ಬರುವುದಕ್ಕೆ ಮುಂಚೆಯೇ ಅಡುಗೆ ಮನೆಯ ಅಟ್ಟದ ಕೆಳಗೆ ಒಂದು ಹಳೆಯ ಬುಟ್ಟಿ ಹಿಡಿದು ಕಾವು ಕೂತಿತ್ತು. ಹೊರಗಿನ ಕೋಳಿಗಳ ಜೊತೆ ಸೇರಿರಲಿಲ್ಲ. ಅಣ್ಣ ಅದನ್ನು ಅಲ್ಲಿಂದ ಅಲುಗಿಸಲಿಲ್ಲ. ಹಿತ್ತಲಿಂದ ಬಂದವನು ಕೈಕಾಲು ತೊಳೆಯದೆ ಅಡುಗೆ ಮನೆಗೆ ಕಾಲಿಡುತ್ತಿರಲಿಲ್ಲ. ಅದರ ಹೊಟ್ಟೆಯ ಕೆಳಗೆ ತತ್ತಿಗಳಿದ್ದವು, ಆದರೆ ಅವು ಮರಿಯಾಗಬೇಕಾದವು. ನನಗೆ ಕೊಡಲು ಮನೆಯಲ್ಲಿ ತತ್ತಿ ಇರಲಿಲ್ಲ. ಅಣ್ಣ ಸಂತೆಯಲ್ಲಿ ಹುಡುಕಿ ಬರಿಗೈಯಲ್ಲಿ ಬಂದ. ಬೇನೆ ಎಲ್ಲ ಕಡೆ ಹಬ್ಬಿತ್ತು.

ಎರಡು ದಿನ ಸೊಪ್ಪಿನ ಮೇಲೇ ಕಳೆಯಿತು. ಮೂರನೆಯ ದಿನ ಎಳೆಬಿಸಿಲಿನಲ್ಲಿ ಮುಂಬಾಗಿಲ ಹತ್ತಿರ ಗಂಡಸರ ದನಿ ಕೇಳಿತು. ಅಣ್ಣ ಹೋಗಿ ನೋಡಿ, ಬಾಗಿಲು ಬಿಟ್ಟು ಸರಿದ. ಗರಡಿಯ ಪೈಲ್ವಾನರು. ಒಬ್ಬರ ಹಿಂದೆ ಒಬ್ಬರು, ನನ್ನ ಕಡೆ ನೋಡಬಾರದು ಅಂತ ತಲೆ ಒಂದು ಪಕ್ಕಕ್ಕೆ ತಿರುಗಿಸಿಕೊಂಡು, ಹಿತ್ತಲಿಗೆ ಬಂದರು. ಒಬ್ಬ ಧೋತರದ ಮಡಿಕೆಯಿಂದ ಎರಡು ತತ್ತಿ ತೆಗೆದ. ಒಬ್ಬ ತಲೆಯ ರುಮಾಲು ಬಿಚ್ಚಿ ಅದರೊಳಗಿಂದ ಮೂರು. ಒಬ್ಬ ಊರ ಪಕ್ಕದ ಭಾಗ್ಯನಗರದಿಂದ ನಡೆದು ಬಂದಿದ್ದ. ಅವನ ಅಂಗೈಯಲ್ಲಿ ಒಂದೇ ತತ್ತಿ, ಹಕ್ಕಿಮರಿ ಹಿಡಿದ ಹಾಗೆ ಹಿಡಿದಿದ್ದ. ತಲೆ ತಿರುಗಿಸಿಕೊಂಡು ನಡೆಯುತ್ತಿದ್ದವನೊಬ್ಬ ಮೆಂತ್ಯೆಗೆ ಕಾಲಿಟ್ಟ.

"ಮಡಿ ತುಳೀಬ್ಯಾಡಲೇ!" ಅಂತ ಅಣ್ಣ ಗರ್ಜಿಸಿದ. ಆ ದೈತ್ಯ ಬೆದರಿ ಒಂದೇ ಕಾಲಲ್ಲಿ ನಿಂತ. ನನಗೆ ನಗು ಬಂತು. ನಾನು ನಕ್ಕದ್ದು ಕೇಳಿ ಎಲ್ಲರೂ ನಕ್ಕರು.

ಕೊನೆಗೆ ಬಂದವರು ಉಸ್ತಾದರು. ಅವರ ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕೆಚ್ಚಲು ತುಂಬಿದ ಕರಿ ಆಡು. ಅವರು ಅಣ್ಣನ ಮುಖ ನೋಡಲಿಲ್ಲ. ಗೋಡೆಯನ್ನು ನೋಡುತ್ತ ನನ್ನನ್ನು ಉದ್ದೇಶಿಸಿ ಹೇಳಿದರು:

"ಬೇಟಿ, ಈ ಆಡಿನ ಹಾಲು ಕುಡಿ. ಬತ್ತೂತನಕ ಇಲ್ಲೇ ಇರಲಿ. ಮತ್ತ ನಿಮ್ಮ ಅಣ್ಣಗ ಒಂದು ಮಾತು ಹೇಳು. ನಾಳೆ ನಸುಕಿಗೆ ಗರಡಿಗೆ ಬಾ ಅಂತ. ತತ್ತಿ ಇಬ್ಬರಿಗೂ ಆಗೂವಷ್ಟು ಬರ್ತಾವ."

ಅಣ್ಣ ಅವರ ಪಕ್ಕದಲ್ಲೇ ನಿಂತಿದ್ದ. ನಾನು, "ಅಣ್ಣಾ, ನಾಳೆ ನಸುಕಿಗೆ ಗರಡಿಗೆ ಬರಬೇಕಂತ" ಅಂದೆ. "ಹೂಂ ಅನ್ನು" ಅಂದ ಅಣ್ಣ, ನನಗೆ. ಹಿಂದಿನಿಂದ ಖಾಲಾ, "ಇಬ್ಬರೂ ಹುಚ್ಚರದಾರ" ಅಂದಳು.

ಪೈಲ್ವಾನರು ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಯಾರಿಗೆ ಎಲ್ಲಿಂದ ತತ್ತಿ ಸಿಕ್ಕಿತೋ ತಿಳಿಯದು, ದಿನಾ ಒಬ್ಬರಲ್ಲ ಒಬ್ಬರು ಬರುತ್ತಿದ್ದರು. ಬಂದವರು ಸುಮ್ಮನೆ ಹೋಗುತ್ತಿರಲಿಲ್ಲ. ಒಬ್ಬ ನೀರು ಸೇದುತ್ತಿದ್ದ, ಒಬ್ಬ ಕಳೆ ಕೀಳುತ್ತಿದ್ದ. ಆಡು ಮೊದಲ ದಿನವೇ ಹಗ್ಗ ಕಿತ್ತುಕೊಂಡು ಅವರೆ ಬಳ್ಳಿಯ ಅರ್ಧವನ್ನು ಮುಗಿಸಿತು. ಅಣ್ಣ ಅದನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡು ಬಂದು, ಈ ಸಲ ಬಂಡೆಗಲ್ಲಿಗೇ ಕಟ್ಟಿದ.

ನನ್ನ ನಾಲಿಗೆಗೆ ಬಣ್ಣ ಬಂತು. ಕಾಲಿನ ಬಾವು ಇಳಿಯಿತು. ಹಾಲು ಇಳಿದು ಕೂಸು ದುಂಡಗಾಯಿತು. ಗಂಗಾವತಿಯ ಕುಸ್ತಿಗೆ ಇನ್ನು ಕೆಲವೇ ದಿನ ಅನ್ನುವಾಗ ಅಣ್ಣ ಮತ್ತೆ ಅನುಮಾನ ಮಾಡಿದ. ಒಂದು ರಾತ್ರಿ ಆಚೆ ಇರಬೇಕಲ್ಲ ಅಂತ. ನಾನು ಕೂಸನ್ನು ಖಾಲಾ ಕೈಗೆ ಕೊಟ್ಟು, ಹೊರಸಿನಿಂದ ಎದ್ದು, ಯಾರ ಕೈಯೂ ಹಿಡಿಯದೆ ಮಡಿಗಳ ನಡುವಿನ ದಾರಿಯಲ್ಲಿ ಬಾವಿಯ ತನಕ ನಡೆದೆ. ಬಾವಿಕಟ್ಟೆ ಹಿಡಿದು ನಿಂತು, "ಇನ್ನ ಹೋಗ್ತೀಯೋ ಇಲ್ಲೋ?" ಅಂದೆ. ಅವನ ಕಣ್ಣು ತುಂಬಿ ಬಂದವು. ಹೋದ.

ಮರುದಿನ ಸಂಜೆ ಬಂದ. ಒಂದು ಕಿವಿ ಊದಿ ಬದನೆಕಾಯಿಯಾಗಿತ್ತು. ತುಟಿ ಒಡೆದಿತ್ತು. ಬಾಗಿಲಲ್ಲೇ ನಿಂತು, "ಸೋತೆ. ಮರಿ ಒಡದಾವೇನು?" ಅಂದ.

ಒಡೆದಿದ್ದವು. ಅವತ್ತು ಬೆಳಿಗ್ಗೆಯೇ. ಅವನು ಚೀಲ ಕೆಳಗಿಟ್ಟು, ಕೈಕಾಲು ತೊಳೆದುಕೊಂಡು ನೇರ ಅಡುಗೆ ಮನೆಗೆ ಹೋಗಿ ಬುಟ್ಟಿಯ ಮುಂದೆ ಮಂಡಿಯೂರಿದ. ಬೂದು ಹೇಂಟೆ ಮೈ ಉಬ್ಬಿಸಿ ಅವನ ಕೈ ಕುಕ್ಕಿತು. ಅದರ ರೆಕ್ಕೆಯೊಳಗಿಂದ ಹಳದಿ ತಲೆಗಳು ಇಣುಕುತ್ತಿದ್ದವು. ಅವನು ಕುಕ್ಕಿಸಿಕೊಳ್ಳುತ್ತ ನಗುತ್ತಿದ್ದ.

ಕುಸ್ತಿಯ ಕಥೆಯನ್ನು ಹೇಳಿದವರು ಉಸ್ತಾದರು, ಗೋಡೆಗೆ ಮುಖ ಮಾಡಿ. "ಸೋತಾನ, ಖರೆ. ಆದ್ರ ಆ ಕೊಲ್ಹಾಪುರದವನು ಇವನ ಎರಡರಷ್ಟು ಅದಾನ. ಚಿತ್ ಮಾಡಾಕ ಅವನಿಗೆ ಹೊತ್ತು ಮುಳುಗಿತು. ಗೆದ್ದ ಮ್ಯಾಲೆ ಅವನಾ ಇವನ ಕೈ ಎತ್ತಿ ಹಿಡದು ಸುತ್ತು ಹೊಡಿಸಿದ. ಜನ ಎಲ್ಲಾ ಎದ್ದು ನಿಂತಿದ್ರು." ಎದ್ದು ಹೊರಡುತ್ತ, "ಮೂರು ತಿಂಗಳು ಛಲೋ ಉಂಡಿದ್ರ ಗೆಲ್ತಿದ್ದ" ಅಂದರು. ಅದರಲ್ಲಿ ಸಿಟ್ಟಿರಲಿಲ್ಲ. ಅಣ್ಣ ಕೇಳಿಸಿಕೊಂಡು, ಮರಿಗಳಿಗೆ ನುಚ್ಚು ನುಣ್ಣಗೆ ಮಾಡಿ ಹಾಕುವುದೋ ನೆನೆಸಿ ಹಾಕುವುದೋ ಅಂತ ಖಾಲಾಳನ್ನು ಕೇಳುತ್ತಿದ್ದ.

ಶಿವರಾತ್ರಿ ಕಳೆದು ಚಳಿ ಹೋಯಿತು. ಸಬ್ಬಸಗಿ ಹೂ ಬಿಟ್ಟು ಕೊಡೆ ಬಿಚ್ಚಿತು. ಮೆಂತ್ಯೆ ಕಾಯಿ ಕಟ್ಟಿತು. ಅಣ್ಣ ಒಂದೊಂದೇ ಮಡಿಯ ಬೀಜ ಬಡಿದು ಸೋರೆ ಬುರುಡೆಯಲ್ಲಿ ತುಂಬಿದ. ಮುಂದಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ: ಅವನು ಆಮೇಲೆ ಕೆಲವು ಕುಸ್ತಿ ಗೆದ್ದ, ಕೆಲವು ಸೋತ. ಮದುವೆಯಾದ. ಉಸ್ತಾದರ ನಂತರ ಆ ಗರಡಿಯಲ್ಲಿ ಅವನೇ ಹುಡುಗರಿಗೆ ಕಲಿಸಿದ. ಗರಡಿಗೆ ಹೊಸದಾಗಿ ಬಂದವರಿಗೆ ಮೊದಲ ಪಾಠ ಹಿತ್ತಲಲ್ಲಿ ಮಣ್ಣು ಮಗುಚುವುದೇ ಆಗಿತ್ತು. ಬಹಳ ಜನ ಒಳ್ಳೆಯವರನ್ನು ನಾನು ಕಂಡಿದ್ದೇನೆ. ಒಳ್ಳೆಯತನವನ್ನು ಅವನಷ್ಟು ಸದ್ದಿಲ್ಲದೆ, ದಿನದ ಕೆಲಸದ ಹಾಗೆ ಮಾಡಿದವರು ಕಡಿಮೆ.

ಯುಗಾದಿಯ ನಂತರ ನನ್ನ ಗಂಡ ಕರೆಯಲು ಬಂದ. ಖಾಲಾ ಕೂಸಿಗೆ ಕಾಡಿಗೆ ಇಟ್ಟು, ಅತ್ತು, ನನ್ನನ್ನು ಬೈದು, ಮತ್ತೆ ಅತ್ತಳು. ಗಾಡಿ ಹೊರಟ ಮೇಲೆ ಅಣ್ಣ ಕೂಸನ್ನು ಎತ್ತಿಕೊಂಡು ಗಾಡಿಯ ಪಕ್ಕದಲ್ಲೇ ನಡೆದ. ಊರು ದಾಟಿತು, ಬಂಡೆಗಳು ಮುಗಿದವು, ಎರೆ ಹೊಲ ಶುರುವಾಯಿತು. ನನ್ನ ಗಂಡ ಎರಡು ಸಲ, "ಇನ್ನ ಸಾಕು ಭಾವ, ಹಿಂದ ಹೊಳ್ರಿ" ಅಂದ. ಅಣ್ಣ "ಹೂಂ" ಅನ್ನುತ್ತಲೇ ನಡೆಯುತ್ತಿದ್ದ. ಕೂಸು ಅವನ ಹೆಗಲ ಮೇಲೆ ನಿದ್ದೆಹೋಗಿತ್ತು.

ಕೊನೆಗೆ ಹೊತ್ತು ನೋಡಿ ನಿಂತ. ಕೂಸನ್ನು ನನ್ನ ಮಡಿಲಿಗೆ ಹಾಕಿ, ಅದರ ಟೊಪ್ಪಿಗೆ ಸರಿ ಮಾಡಿದ.

"ಬರ್ತೀನಿ ತಂಗೆವ್ವ. ಕೋಳಿ ಕವುಚೋ ಹೊತ್ತಾತು" ಅಂದ.

ಆಮೇಲೆ ಹಿಂದಿರುಗಿ, ಹೆಚ್ಚುಕಡಿಮೆ ಓಡುವ ಹಾಗೆ, ಊರ ಕಡೆ ನಡೆದ.